ಗೆಂಡೆ ಮೀನಿನ ಬೆಳವಣಿಗೆ: ತಳಿ, ಆಹಾರ ಮತ್ತು ಜೀರ್ಣಕಿಣ್ವ

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯ, ಸೇಡಂ ಹಾಗೂ ಚಿತ್ತಾಪುರ ತಾಲ್ಲೂಕುಗಳ ಕೆರೆ ಮತ್ತು ಕೃಷಿ ಹೊಂಡಗಳು, ಶಹಾಬಾದ್ ಹಾಗೂ ವಾಡಿ ಪರಿಸರದಲ್ಲಿ ಮಳೆನೀರು ನಿಂತ ಹಳೆಯ ಕಲ್ಲುಗಣಿಗಳು ಈ ಭಾಗದಲ್ಲಿ ಸಿಹಿನೀರು ಮೀನು ಸಾಕಣೆಗೆ ಒದಗಬಲ್ಲ ಜಲಮೂಲಗಳಾಗಿವೆ. ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಇಂತಹ ನೀರಿಗೆ ಹೊಂದುವ ಮೀನುಗಳು. ಮರಿ ಎಷ್ಟೇ ಉತ್ತಮ ತಳಿಯದಾಗಿದ್ದರೂ ತಿಂದ ಆಹಾರ ಜೀರ್ಣವಾಗದಿದ್ದಲ್ಲಿ ಅದು ಬೆಳೆಯದು.

ಗೆಂಡೆ ಜಾತಿಯ ಮೀನುಗಳಿಗೆ ಜಠರವಿಲ್ಲ. ಆದ್ದರಿಂದ ಜಠರದ ಆಮ್ಲವೂ ಪೆಪ್ಸಿನ್ ಕಿಣ್ವವೂ ಇರುವುದಿಲ್ಲ. ಪ್ರೋಟೀನನ್ನು ಒಡೆಯುವ ಕಾರ್ಯವನ್ನು ಕರುಳಿನಲ್ಲಿ ಟ್ರಿಪ್ಸಿನ್ ಮತ್ತು ಕೈಮೋಟ್ರಿಪ್ಸಿನ್ ಕಿಣ್ವಗಳು ನಿರ್ವಹಿಸುತ್ತವೆ. ಪಿಷ್ಟವನ್ನು ಅಮೈಲೇಸ್, ಕೊಬ್ಬನ್ನು ಲೈಪೇಸ್ ಜೀರ್ಣಿಸುತ್ತವೆ. ಮಾಂಸಾಹಾರಿ ಮೀನುಗಳಿಗಿಂತ ರೋಹುವಿನಲ್ಲಿ ಅಮೈಲೇಸ್ ಚಟುವಟಿಕೆ ಹೆಚ್ಚು. ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲಿನಲ್ಲಿ ಬೆರೆಸಿ ಹಾಕುವ ರೂಢಿ ಇದಕ್ಕೆ ಹೊಂದುತ್ತದೆ.

2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ನಾಡಿನಲ್ಲಿ ಬೇಳೆ ಗಿರಣಿಗಳ ನುಚ್ಚು ಸುಲಭವಾಗಿ ದೊರೆಯುತ್ತದೆ. ಇದರಲ್ಲಿ ಪ್ರೋಟೀನ್ ಇದೆಯಾದರೂ ಹಸಿ ತೊಗರಿಯಲ್ಲಿ ಟ್ರಿಪ್ಸಿನ್ನನ್ನು ತಡೆಯುವ ಅಂಶವೂ ಇದೆ. ಜಠರವಿಲ್ಲದ ಮೀನಿಗೆ ಇದರಿಂದಾಗುವ ಹಾನಿ ಅಧಿಕ. ನೆನೆಸಿ ಚೆನ್ನಾಗಿ ಬೇಯಿಸಿದರೆ ಈ ಅಂಶ ಬಹುಮಟ್ಟಿಗೆ ನಾಶವಾಗುತ್ತದೆ. ತೊಗರಿಯ ಹೊಟ್ಟಿನಲ್ಲಿ ನಾರೇ ಹೆಚ್ಚಾದ್ದರಿಂದ ಅದು ಮೀನಿಗೆ ಉತ್ತಮ ಆಹಾರವಲ್ಲ.

ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಗಳೂ ಆಹಾರವನ್ನು ಅವಲಂಬಿಸಿಯೇ ಕೆಲಸ ಮಾಡುತ್ತವೆ. ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು ಯಕೃತ್ತನ್ನು ಪ್ರಚೋದಿಸಿ ಐಜಿಎಫ್-1 ಎಂಬ ಅಂಶವನ್ನು ಉತ್ಪಾದಿಸುತ್ತದೆ. ಅದರಿಂದ ಸ್ನಾಯು ಬೆಳೆಯುತ್ತದೆ. ಮಯೋಸ್ಟ್ಯಾಟಿನ್ ವಂಶವಾಹಿ ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಮೀನು ಹಸಿದಿದ್ದಾಗ ಹಾರ್ಮೋನು ರಕ್ತದಲ್ಲಿ ಏರಿದರೂ ಐಜಿಎಫ್-1 ಇಳಿಯುವುದರಿಂದ ಬೆಳವಣಿಗೆ ಕುಂಠಿತವಾಗುತ್ತದೆ.

ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ಸಹಯೋಗದಲ್ಲಿ 1992ರಲ್ಲಿ ಆರಂಭಿಸಿದ ಆಯ್ಕೆ ತಳಿ ಅಭಿವೃದ್ಧಿಯ ಫಲವೇ ‘ಜಯಂತಿ ರೋಹು’. ಇದರಲ್ಲಿ ಪ್ರತಿ ಪೀಳಿಗೆಗೆ ಸುಮಾರು ಶೇ 17ರಷ್ಟು ಹೆಚ್ಚು ಬೆಳವಣಿಗೆ ಸಾಧಿಸಲಾಯಿತು. ಇದು ಉತ್ತಮ ಮೀನುಗಳನ್ನು ಆರಿಸಿ ಪಡೆದ ತಳಿಯೇ ಹೊರತು ವಂಶವಾಹಿ ಸೇರಿಸಿದ ಕುಲಾಂತರಿಯಲ್ಲ.

ಬೆಳೆಯುವ ಗೆಂಡೆಗೆ ಶೇ 25ರಿಂದ 30ರಷ್ಟು ಪ್ರೋಟೀನ್ ಇರುವ ಆಹಾರ ಸೂಕ್ತ. ನೀರು ತಣ್ಣಗಾಗುವ ಚಳಿಗಾಲದಲ್ಲಿ ಕಿಣ್ವಗಳ ಚಟುವಟಿಕೆ ತಗ್ಗುವುದರಿಂದ ಆಹಾರದ ಪ್ರಮಾಣವನ್ನು ಇಳಿಸಬೇಕು. ಇಲ್ಲವಾದರೆ ಉಳಿದ ಆಹಾರ ಕೊಳೆತು ನೀರಿನ ಆಮ್ಲಜನಕ ಕುಸಿಯುತ್ತದೆ; ಮೇವಿನ ಹಣದೊಂದಿಗೆ ಮೀನನ್ನೂ ರೈತ ಕಳೆದುಕೊಳ್ಳಬೇಕಾಗುತ್ತದೆ.