ಹಿಡಕಲ್ ಅಣೆಕಟ್ಟು: ಮಣ್ಣಿನ ಏರಿ, ನಮ್ಮ ಹೊಣೆ

ಯಮಕನಮರಡಿಯಲ್ಲಿ ಓದಿದ ನಮಗೆ ಹಿಡಕಲ್ ಡ್ಯಾಮ್ ಎಂದರೆ ಮೊದಲು ನೆನಪಾಗುವುದು ಶಾಲೆಯ ಪ್ರವಾಸ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಉದ್ಯಾನದಲ್ಲಿ ಆಡಿ, ನೀರು ನೋಡಿ ಬರುತ್ತಿದ್ದೆವು. ನಮ್ಮ ಆಯಿಗೆ ಮಾತ್ರ ಅದು ಬರೀ ನೀರಲ್ಲ. ಆಕೆಯ ತವರಿನ ಹೊಲ ಹಿನ್ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರಿಳಿದು ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಕಂಡಾಗ ನನ್ನನ್ನು ಕರೆದೊಯ್ದು ಕೈಮುಗಿಸುತ್ತಿದ್ದಳು. "ನಮ್ಮ ಹೊಲಾ ಕೊಟ್ಟ ಕಟ್ಟಿಸೇವಿ, ಚಂದಂಗ ಇಟ್ಕೋಬೇಕಪಾ" ಎನ್ನುತ್ತಿದ್ದಳು.

ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ. ಅದು ನೀರನ್ನು ಕಾಲುವೆಗೆ ತಿರುಗಿಸುತ್ತಿತ್ತೇ ಹೊರತು ಹೆಚ್ಚು ಕೂಡಿಡುತ್ತಿರಲಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಲು ಮೇಲ್ಭಾಗದ ಹಿಡಕಲ್‌ನಲ್ಲಿ ಎದ್ದದ್ದೇ 51 ಟಿಎಂಸಿ ಹಿಡಿಯುವ ಈ ಜಲಾಶಯ. 1977ರಲ್ಲಿ ಪೂರ್ಣಗೊಂಡಿತು, ವಂಟಮುರಿಯ ರಾಜಾ ಲಖಮಗೌಡರ ಹೆಸರು ಪಡೆಯಿತು. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಹತ್ತು ಗೇಟುಗಳಿರುವ ಭಾಗ ಕಲ್ಲುಗಾರೆಯದು. ಅದರ ಪಕ್ಕಕ್ಕೆ ಚಾಚಿರುವುದು ಮಣ್ಣಿನ ಏರಿ. ಮಣ್ಣಿನ ಏರಿಯಲ್ಲಿ ಸ್ವಲ್ಪ ನೀರು ಜಿನುಗುವುದು ಸಹಜ. ಜಿನುಗಿದ ನೀರು ತಿಳಿಯಾಗಿದ್ದು, ಅದರ ಪ್ರಮಾಣ ಏರದಿದ್ದರೆ ಭಯವಿಲ್ಲ. ರಾಡಿಯಾಗಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಗಿಡಮರದ ಬೇರು, ಇಲಿ-ಹೆಗ್ಗಣದ ಬಿಲ, ಮೇಲಿನ ಬಿರುಕು, ಇವೆಲ್ಲ ನೀರಿಗೆ ದಾರಿ ಮಾಡಿಕೊಡುತ್ತವೆ. ಎಲ್ಲಕ್ಕಿಂತ ದೊಡ್ಡ ಅಪಾಯ, ನೀರು ಏರಿಯ ಮೇಲೆಯೇ ಹರಿಯುವುದು. ಕಲ್ಲಿನ ಗೋಡೆ ಅದನ್ನು ಸ್ವಲ್ಪ ಹೊತ್ತು ತಾಳೀತು, ಮಣ್ಣು ತಾಳದು. 1979ರಲ್ಲಿ ಗುಜರಾತಿನ ಮಚ್ಛು ಅಣೆಕಟ್ಟಿನಲ್ಲಿ ಗೇಟುಗಳ ಭಾಗ ನಿಂತಿತು, ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು. ಮೊರ್ಬಿ ಪಟ್ಟಣ ಮುಳುಗಿತು. 2019ರ ಜುಲೈನಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆಯ ಮಣ್ಣಿನ ಅಣೆಕಟ್ಟು ರಾತ್ರಿ ಒಡೆದು ಮಲಗಿದ್ದವರನ್ನು ಒಯ್ದಿತು.

ಮುಂದಿನ ತಿಂಗಳೇ ನಮ್ಮಲ್ಲಿ ಮಹಾಪೂರ. ಗೋಕಾಕಕ್ಕೆ ನೀರು ನುಗ್ಗಿತು. "ಡ್ಯಾಮ್ ಒಡದೈತಂತ" ಎಂಬ ಸುಳ್ಳು ಸುದ್ದಿ ಮೊಬೈಲಿನಲ್ಲಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ಅವ್ವನಿಗೆ ಫೋನ್ ಹತ್ತಲಿಲ್ಲ. ಆ ಎರಡು ತಾಸು ನಾನು ಮರೆಯಲಾರೆ. ಎಂಜಿನಿಯರ್ ಆಗಿದ್ದರೂ ನಮ್ಮೂರ ಏರಿಯ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಓದಲು ಶುರು ಮಾಡಿದ್ದು ಆಗ.

ಈ ತಿಳಿವಳಿಕೆ ಹೊಸದೇನಲ್ಲ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಪೊರುಮಾಮಿಳ್ಳ ಕೆರೆಯ ಬಳಿ ಹಾಕಿಸಿದ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಸೋರುವುದು ಆ ದೋಷಗಳಲ್ಲೊಂದು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯೂ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಆಗಲೇಬೇಕು, ತುರ್ತು ಕ್ರಿಯಾ ಯೋಜನೆ ಇರಲೇಬೇಕು ಎನ್ನುತ್ತದೆ.

ನಾನು ಬರೆಯುವ ಸಾಫ್ಟ್‌ವೇರ್ ಕೆಟ್ಟರೆ ಹಿಂದಿನ ದಿನದ ಪ್ರತಿಗೆ ಮರಳಬಹುದು. ಏರಿಗೆ ಆ ಸೌಲಭ್ಯವಿಲ್ಲ. ವಯಸ್ಸಾದ ಮಾತ್ರಕ್ಕೆ ಅಣೆಕಟ್ಟು ಒಡೆಯುವುದಿಲ್ಲ, ನೋಡುವವರಿಲ್ಲದಾಗ ಒಡೆಯುತ್ತದೆ.

ಗುರುಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಉದ್ಯಾನದ ಜೊತೆಗೆ, ಅಧಿಕಾರಿಗಳ ಅನುಮತಿ ಪಡೆದು, ಏರಿಯ ಬುಡವನ್ನೂ ತೋರಿಸಿ. ಜಿನುಗುವ ನೀರನ್ನು ಅಳೆಯುವುದು ಹೇಗೆಂದು ಕೇಳಲಿ. ಹೊಲ ಕೊಟ್ಟ ಹಿರಿಯರ ಋಣ ತೀರಿಸಲು ಅದೊಂದು ದಾರಿ. ಐವತ್ತು ತುಂಬಿದ ನನ್ನ ಶಾಲೆಗೆ ಶರಣು.

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು