ಮಣ್ಣಿನೊಳಗಿನ ಪ್ರತಿಧ್ವನಿಯ ಲೆಕ್ಕ

ರೇಡಾರ್ ಎಂದರೆ ಆಕಾಶದಲ್ಲಿ ವಿಮಾನ ಹುಡುಕುವ ಯಂತ್ರವೆಂದೇ ನಮ್ಮ ಮಕ್ಕಳು ಹೇಳುತ್ತಾರೆ. ಅದನ್ನು ನೆಲದ ಕಡೆಗೆ ತಿರುಗಿಸಿದ ಕಥೆಯೂ ಹಳೆಯದೇ. 1910ರಲ್ಲಿ ಲೈಂಬಾಖ್ ಮತ್ತು ಲೋವಿ ಎಂಬವರು ರೇಡಿಯೋ ಅಲೆಗಳಿಂದ ಭೂಮಿಯೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ವಿಧಾನಕ್ಕೆ ಜರ್ಮನಿಯಲ್ಲಿ ಪೇಟೆಂಟ್ ಪಡೆದರು. 1929ರಲ್ಲಿ ಸ್ಟರ್ನ್ ಎಂಬವರು ಆಸ್ಟ್ರಿಯಾದ ಹಿಮನದಿಯೊಂದರ ಆಳವನ್ನು ಇದೇ ರೀತಿ ಅಳೆದರು. ಆಮೇಲೆ ವಿಷಯ ಬಹುಕಾಲ ಮೂಲೆ ಸೇರಿತು.

ಮತ್ತೆ ಎಚ್ಚರಿಸಿದ್ದು ಅಪಾಯ. 1950ರ ದಶಕದಲ್ಲಿ ಗ್ರೀನ್‌ಲ್ಯಾಂಡಿನ ಮೇಲೆ ಹಾರುತ್ತಿದ್ದ ವಿಮಾನಗಳ ಎತ್ತರಮಾಪಕ ರೇಡಾರ್‌ಗಳು ತಪ್ಪು ಎತ್ತರ ತೋರಿಸತೊಡಗಿದವು. ಅಲೆಗಳು ಹಿಮದೊಳಗೆ ಇಳಿದು, ತಳದಿಂದ ಮರಳುತ್ತಿದ್ದವು. ಹಿಮದ ನೆತ್ತಿ ಹತ್ತಿರವಿದ್ದರೂ ಪೈಲಟ್‌ಗೆ ದೂರವೆಂದೇ ಕಾಣುತ್ತಿತ್ತು.

ಅಲೆ ಮರಳಿ ಬಂದರೆ ಸಾಕೇ? ಸಾಲದು. ಒಂದು ಮೀಟರ್ ಆಳದಲ್ಲಿ ಸಣ್ಣ ಕೊಳವೆಯೊಂದಿದೆ ಎನ್ನೋಣ. ಒಣ ಮರಳಿನಲ್ಲಿ ಅಲೆ ನ್ಯಾನೊಸೆಕೆಂಡಿಗೆ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ, ಸುಮಾರು 15 ಸೆಂ.ಮೀ. ಸಾಗುತ್ತದೆ. ರೇಡಾರ್ ಕೊಳವೆಯ ನೇರ ಮೇಲಿದ್ದರೆ ಹೋಗಿಬರುವ ದಾರಿ 2 ಮೀಟರ್, ಸಮಯ ಸುಮಾರು 13 ನ್ಯಾನೊಸೆಕೆಂಡ್. ಒಂದು ಮೀಟರ್ ಬದಿಗೆ ಸರಿದರೆ? ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ: ಸುಮಾರು 19. ಈ ಬಿಂದುಗಳನ್ನೆಲ್ಲ ಗ್ರಾಫಿನಲ್ಲಿ ಜೋಡಿಸಿದರೆ ಸಿಗುವುದು ದುಂಡನೆಯ ಕೊಳವೆಯಲ್ಲ, ಅತಿಪರವಲಯ! ಯಂತ್ರದ ಪರದೆಯಲ್ಲಿ ಕಾಣುವುದೂ ಅದೇ. ಮಣ್ಣು ಚೆನ್ನಾಗಿ ನೆನೆದರೆ ವೇಗ 6 ಸೆಂ.ಮೀ.ಗೆ ಇಳಿಯಬಹುದು. ಆಗ ಅದೇ 13 ನ್ಯಾನೊಸೆಕೆಂಡ್ ಸೂಚಿಸುವ ಆಳ 40 ಸೆಂ.ಮೀ. ಮಾತ್ರ.

ಇದು ಸಮಯದ ಲೆಕ್ಕವಷ್ಟೇ. ಹೂತಿರುವ ವಸ್ತುವಿನಿಂದ ಅಲೆ ಯಾವ ದಿಕ್ಕಿಗೆ, ಎಷ್ಟು ಬಲದಲ್ಲಿ ಚದುರುತ್ತದೆ ಎಂಬುದು ಬಿಗಿಯಾದ ಲೆಕ್ಕ. ಗೋಳವೊಂದರಿಂದ ಚದುರುವಿಕೆಯ ಸೂತ್ರವನ್ನು ಗುಸ್ತಾವ್ ಮೀ 1908ರಲ್ಲೇ ಕೊಟ್ಟಿದ್ದರು. ಪಾಪ, ಅವರ ತಲೆಯಲ್ಲಿದ್ದದ್ದು ನೀರಿನಲ್ಲಿ ತೇಲುವ ಚಿನ್ನದ ಕಣಗಳ ಬಣ್ಣ! ಮರುವರ್ಷ ಸೊಮ್ಮರ್‌ಫೆಲ್ಡ್ ಭೂಮಿಯ ಮೇಲ್ಮೈ ಬಳಿ ರೇಡಿಯೋ ಅಲೆಗಳು ಹೇಗೆ ಸಾಗುತ್ತವೆಂದು ಲೆಕ್ಕ ಹಾಕಿದರು. ಆದರೆ ಕಲ್ಲು, ಬೇರು, ಉಬ್ಬುತಗ್ಗು ತುಂಬಿದ ನಿಜವಾದ ನೆಲಕ್ಕೆ ಇಂಥ ಚೊಕ್ಕ ಸೂತ್ರ ಸಿಗುವುದಿಲ್ಲ.

1966ರಲ್ಲಿ ಕೇನ್ ಯೀ ಎಂಬವರು ಬೇರೆ ದಾರಿ ತೋರಿದರು. ಜಾಗವನ್ನು ಪುಟ್ಟ ಚೌಕಗಳಾಗಿ, ಕಾಲವನ್ನು ಪುಟ್ಟ ಹೆಜ್ಜೆಗಳಾಗಿ ಒಡೆದು, ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಮನೆಮನೆಗೂ ಬಿಡಿಸುವುದು. ನಮ್ಮ ಅಭಿಪ್ರಾಯದಲ್ಲಿ ಈ ಇತಿಹಾಸದ ನಿಜವಾದ ತಿರುವು ಇದು. ಆಗಿನ ಕಂಪ್ಯೂಟರುಗಳಿಗೆ ಅಷ್ಟು ಶಕ್ತಿಯಿರಲಿಲ್ಲ, ಕೆಲವು ದಶಕ ಕಾಯಬೇಕಾಯಿತು. ಆಂಟೊನಿಸ್ ಜಿಯಾನೊಪೌಲೋಸ್ 1996ರಲ್ಲಿ ಆರಂಭಿಸಿದ ಜಿಪಿಆರ್‌ಮ್ಯಾಕ್ಸ್ ಎಂಬ ತಂತ್ರಾಂಶ ಈ ವಿಧಾನದ್ದೇ, ಇಂದು ಉಚಿತವಾಗಿ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ ಯಾಕೆಂದು ಕೇಳಿದರೆ, ಕಾಂಬೋಡಿಯಾ, ಅಂಗೋಲಾದಂಥ ದೇಶಗಳನ್ನು ನೋಡಬೇಕು. ಯುದ್ಧ ಮುಗಿದರೂ ಗದ್ದೆ, ಕಾಲುದಾರಿಗಳಲ್ಲಿ ನೆಲಬಾಂಬುಗಳು ಉಳಿದವು. ಕೆಲವು ಬಹುಪಾಲು ಪ್ಲಾಸ್ಟಿಕ್‌ನವು, ಲೋಹಶೋಧಕಕ್ಕೆ ಸುಲಭವಾಗಿ ಸಿಗುವುದಿಲ್ಲ. ರೇಡಾರ್‌ಗೂ ಅದು ಕಷ್ಟವೇ. ಒಣ ಮರಳು ಮತ್ತು ಪ್ಲಾಸ್ಟಿಕ್ ಎರಡರಲ್ಲೂ ಅಲೆಯ ವೇಗ ಹೆಚ್ಚು ಕಡಿಮೆ ಒಂದೇ ಆದ್ದರಿಂದ ಪ್ರತಿಧ್ವನಿ ಕ್ಷೀಣ. ಬಾಂಬು ಹೆಚ್ಚು ಆಳದಲ್ಲೂ ಇರದು, ನೆಲದ ಮೇಲ್ಮೈಯ ಜೋರಾದ ಪ್ರತಿಧ್ವನಿ ಅದನ್ನು ಮುಚ್ಚಿಬಿಡುತ್ತದೆ. ಯಾವ ಮಣ್ಣಿನಲ್ಲಿ, ಎಷ್ಟು ತೇವದಲ್ಲಿ ಗುರುತು ಹೇಗಿರುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ನೋಡಿಕೊಂಡರೆ ಯಂತ್ರವನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. ಲೋಹಶೋಧಕ, ರೇಡಾರ್ ಎರಡೂ ಒಂದೇ ಹಿಡಿಯಲ್ಲಿರುವ ಉಪಕರಣಗಳೂ ಬಂದಿವೆ. ಅದು ಸದ್ದು ಮಾಡಿದ ಮೇಲೆ, ಕೆಲಸಗಾರ ಮಂಡಿಯೂರಿ ಮೊನಚು ಸಲಾಕೆಯಿಂದ ಮಣ್ಣನ್ನು ಓರೆಯಾಗಿ ತಡವಿ ನೋಡುತ್ತಾನೆ.