ಕಾರ್ಬನ್ ಕಾಪಿ

ಲ್ಯಾಟಿನ್ನಿನ ‘ಕಾರ್ಬೊ’ ಎಂದರೆ ಇದ್ದಿಲು. 1806ರಲ್ಲಿ ಪ್ರತಿ ತೆಗೆಯುವ ಉಪಕರಣಕ್ಕೆ ಪೇಟೆಂಟ್ ಪಡೆದ ಇಂಗ್ಲೆಂಡಿನ ರಾಲ್ಫ್ ವೆಡ್ಜ್‌ವುಡ್, ಶಾಯಿಯಲ್ಲಿ ನೆನೆಸಿ ಒಣಗಿಸಿದ ಹಾಳೆಯನ್ನು ‘ಕಾರ್ಬೊನೇಟೆಡ್ ಪೇಪರ್’ ಎಂದ. ಟೈಪ್‌ರೈಟರ್, ರಸೀದಿ ಪುಸ್ತಕಗಳ ಜೊತೆ ಅದು ನಮ್ಮ ಕಚೇರಿಗಳಿಗೂ ಬಂದು ಗುಮಾಸ್ತರ ಬೆರಳಿಗೆ ಮಸಿ ಬಳಿಯಿತು. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಆ ಮಸಿಹಾಳೆಯನ್ನೇ ಕಿತ್ತುಹಾಕಿತು: ಮೇಲಿನ ಹಾಳೆಯ ಬೆನ್ನಿಗೆ ಬಣ್ಣವಿಲ್ಲದ ರಾಸಾಯನಿಕ ತುಂಬಿದ ಅತಿಸೂಕ್ಷ್ಮ ಗುಳ್ಳೆಗಳು, ಕೆಳಗಿನದರ ಮೇಲೆ ಜೇಡಿಯ ಲೇಪ. ಪೆನ್ನು ಒತ್ತಿದರೆ ಗುಳ್ಳೆ ಒಡೆದು ಅಕ್ಷರ ಮೂಡುತ್ತದೆ. ‘ಕಾರ್ಬನ್ ಕಾಪಿ’ ಎಂಬ ಹಳೆಯ ಹೆಸರು ಇಮೇಲಿನ ‘ಸಿಸಿ’ಯಲ್ಲಿ ಅಡಗಿ ಕೂತಿದೆ. ‘ತದ್ರೂಪು’ ಇದ್ದರೂ ನಮಗೆ ಮಗು ‘ಅಪ್ಪನ ಕಾರ್ಬನ್ ಕಾಪಿ’ಯೇ. ಅಸಲಿಗೆ ಕಾರ್ಬನ್ ಪ್ರತಿ ಮೂಲಕ್ಕಿಂತ ಮಸುಕು; ಮೂರನೆಯದನ್ನಂತೂ ಬೆಳಕಿಗೆ ಹಿಡಿದೇ ಓದಬೇಕು.